ಬೇಸಿಗೆಯ ಸೈಕಲ್ ಪ್ರವಾಸ: ‘ಸಾಕಷ್ಟು ನೀರು’ ಎಂದರೆ ಎಷ್ಟು?

ಮಾನ್ಯರೆ,

ಬೇಸಿಗೆ ರಜೆ ಹತ್ತಿರವಾದಂತೆ ‘ಜೋಡಿಯಾಗಿ ಸೈಕಲ್ ಏರಿ, ಟೆಂಟ್ ಕಟ್ಟಿಕೊಂಡು ಹೊರಡಿ’ ಎಂದು ಹುರಿದುಂಬಿಸುವ ಬರಹಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಹುರುಪಿನ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಅವುಗಳ ಕೊನೆಯಲ್ಲಿ ತಪ್ಪದೆ ಬರುವ ಒಂದು ಸಾಲಿನ ಬಗ್ಗೆ: ‘ಸಾಕಷ್ಟು ನೀರು ಕುಡಿಯಿರಿ.’ ಸಾಕಷ್ಟು ಎಂದರೆ ಎಷ್ಟು? ಇಬ್ಬರಲ್ಲಿ ಯಾರಿಗೆ ಎಷ್ಟು? ಅದನ್ನು ಹೊರುವವರು ಯಾರು? ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಮೊದಲೇ ಗೆರೆ ಎಳೆದು ಹೊರಟವರು ಬಿಸಿಲಿನಲ್ಲಿ ಎಡವುತ್ತಾರೆ. ಲೆಕ್ಕ ಶುರುವಾಗಬೇಕಾದ್ದು ನೀರಿನಿಂದ, ಗಂಟೆಗಳಿಂದ. ಅದೂ ಇಬ್ಬರಲ್ಲಿ ಯಾರ ಮೈ ಬೇಗ ಕಾಯುತ್ತದೋ ಅವರನ್ನು ಅಳತೆಗೋಲು ಮಾಡಿಕೊಂಡು.

ಮೊದಲು ಬೆವರಿನ ಲೆಕ್ಕ. ಸವಾರ, ಸೈಕಲ್ಲು, ಸಾಮಾನು ಎಲ್ಲ ಸೇರಿ 100 ಕೆ.ಜಿ. ಇದ್ದರೆ, ನೂರಕ್ಕೆ ಐದರಷ್ಟು ಏರನ್ನು ಗಂಟೆಗೆ 7 ಕಿ.ಮೀ. ವೇಗದಲ್ಲಿ ಹತ್ತಲು ಪೆಡಲಿಗೆ ಸುಮಾರು 110 ವಾಟ್ ಶಕ್ತಿ ಬೇಕು. ಸ್ನಾಯುಗಳು ಆ ಕೆಲಸ ಮಾಡುತ್ತ ಅದರ ಮೂರು ನಾಲ್ಕು ಪಟ್ಟು ಬಿಸಿಯನ್ನು ಮೈಯೊಳಗೆ ಹುಟ್ಟಿಸುತ್ತವೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಹೆಚ್ಚುಕಡಿಮೆ 2,400 ಕಿಲೋಜೂಲ್ ಬಿಸಿ ಹೊರಹೋಗುತ್ತದೆ. ಅಂದರೆ ಮೈ ಹುಟ್ಟಿಸಿದ ಬಿಸಿ ಕಳೆಯಲೇ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಬೆವರು ಆವಿಯಾಗಬೇಕು. ಬಿಸಿಲಿನ ಝಳ ಅದರ ಮೇಲೆ. ಹನಿ ಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ ತಂಪಿನ ಲಾಭ ಏನೂ ಇಲ್ಲ, ನೀರು ಉಪ್ಪು ಹೋದದ್ದಷ್ಟೇ. ಹಾಗಾಗಿ ಗಂಟೆಗೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಬೆವರುವುದು ಸಾಮಾನ್ಯ. ಈ ಅಂತರ ದೊಡ್ಡದು. ಗಂಡ ಹೆಂಡತಿ ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ತುಳಿದರೂ ಒಬ್ಬರದು ಇನ್ನೊಬ್ಬರ ಎರಡು ಪಟ್ಟು ಇರಬಹುದು.

ಅಳೆಯುವುದು ಸುಲಭ. ಹೊರಡುವ ಮೊದಲಿನ ವಾರಗಳಲ್ಲಿ, ಬಿಸಿಲೇರಿದ ಹೊತ್ತಿನಲ್ಲಿ, ಮೂತ್ರ ಮಾಡಿ ಕನಿಷ್ಠ ಬಟ್ಟೆಯಲ್ಲಿ ತೂಕ ನೋಡಿ. ಸರಿಯಾಗಿ ಒಂದು ಗಂಟೆ ಸೈಕಲ್ ತುಳಿದು ಬಂದು, ಮೈ ಒರೆಸಿಕೊಂಡು ಮತ್ತೆ ತೂಕ ನೋಡಿ. ಇಳಿದ ಪ್ರತಿ ಕೆ.ಜಿ.ಗೆ ಒಂದು ಲೀಟರ್; ನಡುವೆ ಕುಡಿದ ನೀರನ್ನು ಅದಕ್ಕೆ ಕೂಡಿಸಿ. ಇಬ್ಬರೂ ಬೇರೆ ಬೇರೆಯಾಗಿ, ಬೇರೆ ಬೇರೆ ಸೆಕೆಯ ಮೂರು ದಿನ ಹೀಗೆ ಮಾಡಿದರೆ ಪ್ರವಾಸದ ಅರ್ಧ ಯೋಜನೆ ಮುಗಿದಂತೆ. ನೆನಪಿಡಬೇಕಾದ ಮಿತಿಯೊಂದಿದೆ: ಕರುಳು ಗಂಟೆಗೆ ಹೀರಿಕೊಳ್ಳುವುದು ಸುಮಾರು ಮುಕ್ಕಾಲರಿಂದ ಒಂದು ಲೀಟರ್ ಮಾತ್ರ. ಗಂಟೆಗೆ ಒಂದೂವರೆ ಲೀಟರ್ ಬೆವರುವವರು ಎಷ್ಟೇ ಕುಡಿದರೂ ತುಳಿಯುತ್ತಿರುವಾಗ ಸರಿದೂಗಿಸಲಾರರು. ಅವರಿಗೆ ಮದ್ದು ಇನ್ನೊಂದು ಬಾಟಲಿಯಲ್ಲ, ವೇಗ ಇಳಿಸುವುದು ಅಥವಾ ನಿಲ್ಲುವುದು.

ಬರೀ ನೀರನ್ನೇ ಹೊಟ್ಟೆ ಬಿರಿಯುವಂತೆ ಕುಡಿಯುವುದೂ ಅಪಾಯ. ಬೆವರಿನ ಜೊತೆ ಲೀಟರಿಗೆ ಸಾಮಾನ್ಯವಾಗಿ ಅರ್ಧದಿಂದ ಒಂದು ಗ್ರಾಂ ಸೋಡಿಯಂ ಹೋಗುತ್ತದೆ. ಅದನ್ನು ತುಂಬದೆ ನೀರನ್ನಷ್ಟೇ ತುಂಬಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಊದಿದ ಬೆರಳು, ಕೊನೆಗೆ ಗೊಂದಲ. ಇವನ್ನು ನಿರ್ಜಲೀಕರಣವೆಂದು ತಿಳಿದು ಇನ್ನಷ್ಟು ನೀರು ಕುಡಿಸಿದರೆ ಕೆಟ್ಟಿತು. ಗುರುತಿಸುವ ದಾರಿ: ಬಾಯಾರಿಕೆಯಿಲ್ಲ, ಮೂತ್ರ ನೀರಿನಂತೆ ತಿಳಿ, ತೂಕ ಇಳಿಯುವ ಬದಲು ಏರಿದೆ. ಪ್ರತಿಯೊಬ್ಬರ ಸೈಕಲ್ಲಿಗೂ ಎರಡು ಬಾಟಲಿಯಿರಲಿ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಲೀಟರಿಗೆ ಕಾಲು ಟೀಚಮಚ ಉಪ್ಪು, ಮಟ್ಟಸವಾಗಿ ಆರು ಟೀಚಮಚ ಸಕ್ಕರೆ. ಜೋರಾಗಿ ಬೆವರಿದ ದಿನದ ಸಂಜೆಗೆ, ಭೇದಿಯಾದಾಗ, ಇದು ಸಾಲದು. ಆಗ ಉಪ್ಪು ಅರ್ಧ ಟೀಚಮಚಕ್ಕೆ ಏರಬೇಕು, ಅಥವಾ ಓಆರ್‌ಎಸ್ ಪೊಟ್ಟಣ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಿಂದ ಹೇಳುತ್ತಿರುವ ಮಿಶ್ರಣ ಹೀಗಿದೆ: ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಅರ್ಧ ನೀರಿಗೆ ಇಡೀ ಪೊಟ್ಟಣ ಸುರಿದು ‘ಸ್ಟ್ರಾಂಗ್’ ಮಾಡಿಕೊಳ್ಳುವವರಿಗೆ ಅದು ಉಲ್ಟಾ ಕೆಲಸ ಮಾಡುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮೂತ್ರ ಹೆಚ್ಚಿಸುವ ಮಾತ್ರೆ, ಅಲರ್ಜಿಯ ಕೆಲವು ಮಾತ್ರೆಗಳು ಸೆಕೆ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆ ಎಂಬುದನ್ನೂ ಆಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಉಷ್ಣಾಂಶ. ಹವಾಮಾನ ವರದಿಯ 38 ಡಿಗ್ರಿ ಎಂಬುದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದದ್ದು. ಡಾಂಬರಿನ ಮೇಲೆ ಬಗ್ಗಿ ತುಳಿಯುವವರ ಮುಖಕ್ಕೆ ತಾಗುವುದು ಬೇರೆಯೇ. 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಿಗಾಗಿ ರೂಪಿಸಿದ ಸೆಕೆಯ ಸೂಚ್ಯಂಕದಲ್ಲಿ ಗಾಳಿಯ ತೇವವನ್ನು ಲೆಕ್ಕಕ್ಕೆ ತರುವ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ 0.7, ಬಿಸಿಲಿನ ಝಳ ತೋರುವ ಕಪ್ಪು ಗೋಳದೊಳಗಿನದಕ್ಕೆ 0.2, ಮಾಮೂಲಿ ಥರ್ಮಾಮೀಟರಿಗೆ 0.1 ಪಾಲು. ಅಂದರೆ ನಾವೆಲ್ಲ ನೋಡಿ ಹೆದರುವ ಅಂಕಿಗೆ ಹತ್ತರಲ್ಲಿ ಒಂದು ಪಾಲು ಮಾತ್ರ! ಒಣ ಸೆಕೆಯ 40 ಡಿಗ್ರಿಗಿಂತ ತೇವ ತುಂಬಿದ 34 ಡಿಗ್ರಿ ಸವಾರರನ್ನು ಬೇಗ ಮಲಗಿಸಬಲ್ಲದು. ಹೊರಡುವ ಬೆಳಿಗ್ಗೆ ತೇವಾಂಶ ನೋಡದೆ ಉಷ್ಣಾಂಶ ನೋಡಿದರೆ ಏನೂ ನೋಡಿದಂತಾಗಲಿಲ್ಲ.

ಗಾಳಿಯ ವಿಚಾರದಲ್ಲಿ ಹೊಸಬರಿಗೆ ತಿಳಿಯದ ಒಂದು ಮೋಸವಿದೆ. ಸಮತಟ್ಟಿನಲ್ಲಿ 18-20 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ಬೀಸಣಿಗೆ. ಎಷ್ಟು ಬೆವರಿದೆವೆಂಬುದು ಗೊತ್ತೇ ಆಗುವುದಿಲ್ಲ, ನಿಂತೊಡನೆ ಧಾರೆಯಾಗಿ ಇಳಿಯುತ್ತದೆ. ಬೆನ್ನಿಗೆ ಬೀಸುವ ಗಾಳಿ ಎಲ್ಲರಿಗೂ ಇಷ್ಟ. ಆದರೆ ಗಂಟೆಗೆ 8 ಕಿ.ಮೀ. ವೇಗದಲ್ಲಿ ಏರು ಹತ್ತುವಾಗ ಹಿಂದಿನಿಂದ ಅಷ್ಟೇ ವೇಗದ ಗಾಳಿ ಬೀಸಿದರೆ ಮೈಗೆ ತಾಗುವ ಗಾಳಿ ಸೊನ್ನೆ. ದಿನದಲ್ಲಿ ಅತಿ ಹೆಚ್ಚು ಬಿಸಿ ಹುಟ್ಟುವ, ಅತಿ ಕಡಿಮೆ ತಂಪು ಸಿಗುವ ಗಳಿಗೆ ಇದೇ. ನಕ್ಷೆಯಲ್ಲಿ ದೊಡ್ಡ ಏರುಗಳೆಲ್ಲ ಬೆಳಿಗ್ಗೆ 9ರ ಒಳಗೆ ಬೀಳುವಂತೆ ತಂಗುದಾಣಗಳನ್ನು ಆರಿಸಿಕೊಳ್ಳಬೇಕೆನ್ನುವುದು ಇದಕ್ಕೇ. ಇಬ್ಬರು ಕೂರುವ ಟ್ಯಾಂಡೆಮ್ ಸೈಕಲ್ಲಾದರೆ ಹಿಂದೆ ಕೂತವರಿಗೆ ಗಾಳಿ ಯಾವಾಗಲೂ ಕಡಿಮೆ. ಅವರ ಬಾಯಾರಿಕೆಯನ್ನು ಮುಂದಿನವರು ತಮ್ಮ ಲೆಕ್ಕದಲ್ಲಿ ಅಳೆಯಬಾರದು.

ಬೆಳಗಿನ ಜಾವ 5ಕ್ಕೆ ಚಕ್ರ ಉರುಳಿ, 10ರಿಂದ 10.30ರೊಳಗೆ ನಿಂತು, ಸಂಜೆ 4.30ರ ನಂತರ ಒಂದೂವರೆ ಗಂಟೆ. ಇಷ್ಟೇ ದಿನ. ಬಿಸಿಲಿನ ನೆತ್ತಿ ಮಧ್ಯಾಹ್ನ 12ಕ್ಕಾದರೂ ಗಾಳಿಯ ಕಾವು ಏರುತ್ತಲೇ ಹೋಗಿ ಉತ್ತುಂಗ ತಲುಪುವುದು 2ರಿಂದ 4ರ ನಡುವೆ. ‘ಊಟ ಮಾಡಿ 2ಕ್ಕೆ ಹೊರಡೋಣ’ ಎನ್ನುವುದು ಅತ್ಯಂತ ಕೆಟ್ಟ ಯೋಜನೆ. ಮೊದಲ 4-5 ದಿನ ಇದರಲ್ಲೂ ಅರ್ಧ ಸಾಕು. ಸೆಕೆಗೆ ಮೈ ಪಳಗಲು 10ರಿಂದ 14 ದಿನ ಬೇಕು. ಪಳಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಬಿಡುತ್ತದೆ. ಒಂದೇ ವಾರದ ರಜೆಯಿದ್ದರೆ ಹೊರಡುವ ಮುನ್ನ ಎರಡು ವಾರ ದಿನಕ್ಕೊಂದು ಗಂಟೆ ಬಿಸಿಲಿನಲ್ಲಿ ತುಳಿದು ಪಳಗಿಸಿಕೊಳ್ಳುವುದೊಂದೇ ದಾರಿ.

ಜೋಡಿಗಳು ಸಾಮಾನ್ಯವಾಗಿ ಮಾಡುವ ತಪ್ಪು ‘ಗಟ್ಟಿಯಿದ್ದವರು ಹೆಚ್ಚು ಹೊರಲಿ, ಮುಂದೆ ಹೋಗಲಿ’ ಎಂಬುದು. ಚಳಿಗಾಲಕ್ಕೆ ಇದು ನಡೆದೀತು. ದೊಡ್ಡ ದೇಹಕ್ಕೆ ಅದರ ತೂಕಕ್ಕೆ ಹೋಲಿಸಿದರೆ ಬಿಸಿ ಬಿಡುವ ಚರ್ಮ ಕಡಿಮೆ. ಹಾಗಾಗಿ ಬೆಳಿಗ್ಗೆ ಮುಂದೆ ಓಡಿದ ದೃಢಕಾಯರೇ 10ರ ಹೊತ್ತಿಗೆ ಮೊದಲು ಸುಸ್ತಾಗುವುದುಂಟು. ಹೆಂಗಸರಲ್ಲಿ ಅಂಡೋತ್ಪತ್ತಿಯ ನಂತರದ ಎರಡು ವಾರ ಮೈಯ ಒಳಗಿನ ಉಷ್ಣಾಂಶವೇ 0.3ರಿಂದ 0.5 ಡಿಗ್ರಿ ಹೆಚ್ಚಿರುತ್ತದೆ. ಹೊರೆಯ ಹಂಚಿಕೆಯನ್ನು ದಿನವೂ, ಬೇಕಾದರೆ ದಿನಕ್ಕೆರಡು ಸಲ ಬದಲಿಸುವುದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ವೇಗ ನಿಧಾನವಾದವರು ಮುಂದಿರಲಿ, ಅವರ ಗತಿಯೇ ಇಬ್ಬರ ಗತಿಯಾಗಲಿ. ಪಂಪು, ಪಂಚರ್ ಸಾಮಾನು, ಪ್ರಥಮ ಚಿಕಿತ್ಸೆಯ ಚೀಲ ಯಾವಾಗಲೂ ಹಿಂದಿನವರ ಬಳಿಯೇ ಇರಬೇಕು. ಮುಂದಿನವರ ಬಳಿಯಿದ್ದರೆ, ಹಿಂದಿನವರ ಟೈರು ಕೂತಾಗ ಅವರು ಎರಡು ಕಿಲೋಮೀಟರ್ ಆಚೆ ಹಾಡು ಗುನುಗುತ್ತಿರುತ್ತಾರೆ. ನೀರನ್ನು ಮಾತ್ರ ಎಂದೂ ಒಂದೇ ಸೈಕಲ್ಲಿಗೆ ಹೇರಬಾರದು. ಫೋನೂ ನಕ್ಷೆಯೂ ಇಬ್ಬರಲ್ಲಿಯೂ ಇರಬೇಕು. ಎರಡೂ ಸೈಕಲ್ಲುಗಳ ಟೈರಿನ ಅಳತೆ, ಟ್ಯೂಬಿನ ವಾಲ್ವು, ಬ್ರೇಕ್ ಪ್ಯಾಡು, ಚೈನಿನ ಕೊಂಡಿ ಒಂದೇ ಆಗಿದ್ದರೆ ಬಿಡಿಭಾಗಗಳು ಅರ್ಧಕ್ಕೆ ಇಳಿಯುತ್ತವೆ.

ಈಗ ‘ಸಾಕಷ್ಟು’ ಎಂಬುದಕ್ಕೆ ಅಂಕಿ ಕೊಡಬಹುದು. ಗಂಟೆಗೆ ತಲಾ ಮುಕ್ಕಾಲು ಲೀಟರಿನಂತೆ, ನಡುವೆ ನಿಂತದ್ದನ್ನು ಕಳೆದು ಐದು ಗಂಟೆ ತುಳಿಯಲು ಇಬ್ಬರಿಗೆ ಏಳೂವರೆ ಲೀಟರ್. ಮಧ್ಯಾಹ್ನದ ಆರು ಗಂಟೆ ನೆರಳಿನ ವಿಶ್ರಾಂತಿಗೆ ಮೂರು. ರಾತ್ರಿಯ ಅಡುಗೆ, ಕುಡಿಯುವುದು, ಕೈಕಾಲು ಮುಖಕ್ಕೆ ಒಟ್ಟು ನಾಲ್ಕು. ಹದಿನಾಲ್ಕು ಹದಿನೈದು ಲೀಟರ್ ಆಯಿತು. ಇಷ್ಟನ್ನೂ ಹೊತ್ತು ಹೋಗಲಾಗದು, ಹೋಗಬೇಕಿಲ್ಲ. ದಾರಿಯ ನೀರಿನ ತಾಣಗಳ ನಡುವಿನ ಅಂತರವೇ ದಿನದ ನಕ್ಷೆ. ನೀರಿಲ್ಲದ ಕಡೆ ರಾತ್ರಿ ತಂಗುವುದಾದರೆ ಕೊನೆಯ ನಲ್ಲಿಯಲ್ಲಿ ತುಂಬಿಕೊಳ್ಳಬೇಕಾದದ್ದು ರಾತ್ರಿಗೆ ನಾಲ್ಕು, ಮರುಬೆಳಿಗ್ಗೆ ಎರಡು ಗಂಟೆ ತುಳಿಯಲು ಮೂರು, ಬಾಟಲಿ ಉರುಳಿ ಚೆಲ್ಲುವುದಕ್ಕೆ ಒಂದು: ಎಂಟು ಲೀಟರ್. ಎಂಟು ಕೆ.ಜಿ.ಯನ್ನು ಹಿಂದಿನ ಕ್ಯಾರಿಯರಿನ ಮೇಲೆ ಅಡ್ಡ ಕಟ್ಟಿದರೆ ಏರಿನಲ್ಲಿ ಎದ್ದು ತುಳಿಯುವಾಗ ಸೈಕಲ್ಲು ಹಾವಿನಂತೆ ಬಳುಕುತ್ತದೆ. ಮಡಚುವ ನೀರಿನ ಚೀಲಗಳನ್ನು ಮುಂಚಕ್ರದ ಎರಡೂ ಬದಿಯ ಚೀಲಗಳಲ್ಲಿ, ಆದಷ್ಟು ಕೆಳಗೆ, ಸಮತೂಕವಾಗಿಡಿ. ಇಂಥ ಚೀಲ ಸೋರುವುದು ಹೊಟ್ಟೆಯಲ್ಲಲ್ಲ, ಮುಚ್ಚಳದ ಬುಡದಲ್ಲಿ. ಬಾಯಿ ಮೇಲ್ಮುಖವಾಗಿರಬೇಕು, ಮುಚ್ಚಳದ ರಬ್ಬರ್ ಉಂಗುರದ ಇನ್ನೊಂದು ಪ್ರತಿ ಜೊತೆಗಿರಬೇಕು. ಒಣ ಹವೆಯಲ್ಲಿ ಬಾಟಲಿಗೆ ಒದ್ದೆ ಕಾಲುಚೀಲ ತೊಡಿಸಿದರೆ ನೀರು ತಣ್ಣಗಿರುತ್ತದೆ. ತೇವದ ಹವೆಯಲ್ಲಿ ಅದು ಬರೀ ಅಲಂಕಾರ.

ಸೈಕಲ್ಲಿನ ಬಗ್ಗೆ ಹರಡಿರುವ ಭಯವೊಂದನ್ನು ಕಡಿಮೆ ಮಾಡಬೇಕು, ಇನ್ನೊಂದನ್ನು ಹೆಚ್ಚಿಸಬೇಕು. ಬಿಸಿಲಿಗೆ ಟೈರು ಒಡೆಯುತ್ತದೆಂದು ಅನೇಕರು ಗಾಳಿ ಇಳಿಸಿಕೊಂಡು ಹೋಗುತ್ತಾರೆ. 20 ಡಿಗ್ರಿಯಲ್ಲಿ 60 ಪಿಎಸ್‌ಐ ಇದ್ದ ಟೈರು 50 ಡಿಗ್ರಿಗೆ ಕಾದರೆ ಒತ್ತಡ ಸುಮಾರು 68 ಆಗುತ್ತದೆ, ಅಷ್ಟೇ. ಒಳ್ಳೆಯ ಟೈರು ಇದನ್ನು ಲೆಕ್ಕಕ್ಕಿಡುವುದಿಲ್ಲ. ಹೊರೆ ಹೊತ್ತ ಸೈಕಲ್ಲಿನಲ್ಲಿ ಗಾಳಿ ಇಳಿಸಿದರೆ ಗುಂಡಿಯೊಂದಕ್ಕೆ ರಿಮ್ಮು ಟ್ಯೂಬನ್ನು ಕಚ್ಚಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ನಿಜವಾಗಿ ಭಯಪಡಬೇಕಾದದ್ದು ಇಳಿಜಾರಿನಲ್ಲಿ. ರಿಮ್ ಬ್ರೇಕನ್ನು ಹಿಡಿದೇ ಇಳಿದರೆ ರಿಮ್ಮು ಕಾದು, ಒಳಗಿನ ಪ್ಯಾಚು ಮೆತ್ತಗಾಗಿ, ಟೈರಿನ ಅಂಚು ಕೊಕ್ಕೆ ಬಿಟ್ಟು ಹಾರಬಹುದು. ಹಿಡಿದು ಜಾರುವ ಬದಲು ಸ್ವಲ್ಪ ವೇಗ ಬಿಟ್ಟು, ಗಟ್ಟಿಯಾಗಿ ಹಿಡಿದು, ಮತ್ತೆ ಪೂರ್ತಿ ಬಿಡಿ. ಉದ್ದದ ಇಳಿಜಾರಿನಲ್ಲಿ ನಡುನಡುವೆ ನಿಲ್ಲಿ. ರಿಮ್ಮಿನ ಮೇಲೆ ಒಂದು ಹನಿ ನೀರು ಹಾಕಿದಾಗ ಚುರ್ ಎಂದರೆ ಹತ್ತು ನಿಮಿಷ ಕಾಯಿರಿ. ಬೆರಳಿಟ್ಟು ನೋಡಬೇಡಿ. ಡಿಸ್ಕ್ ಬ್ರೇಕಾದರೆ ರಾಳದ ಪ್ಯಾಡಿಗಿಂತ ಲೋಹ ಬೆರೆತ ಪ್ಯಾಡು ಕಾವನ್ನು ಹೆಚ್ಚು ತಾಳುತ್ತದೆ.

ಅಂಟು ಹಚ್ಚದೆ ನೇರ ಒತ್ತುವ ಸ್ಟಿಕ್ಕರ್ ಪ್ಯಾಚು ಸೆಕೆಯಲ್ಲಿ ಜಾರಿ ಒಂದೆರಡು ದಿನದಲ್ಲೇ ಮತ್ತೆ ಗಾಳಿ ಬಿಡುತ್ತದೆ. ಹಳೆಯ ವಿಧಾನವೇ ಸರಿ: ನೆರಳಿನಲ್ಲಿ ಕೂತು, ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ (ಪಂಚರ್ ಅಂಟು) ತೆಳ್ಳಗೆ ಹಚ್ಚಿ, ಹೊಳಪು ಹೋಗಿ ಒಣಗುವವರೆಗೆ ಸುಮಾರು ಐದು ನಿಮಿಷ ಬಿಟ್ಟು, ಆಮೇಲೆ ಪ್ಯಾಚು ಒತ್ತುವುದು. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬು ಕಾವಿಗೆ ಒಣಗಿ ಹೋಗಿರುತ್ತದೆ, ಮುಚ್ಚಳ ಬಿಚ್ಚದ ಸಣ್ಣವು ಎರಡಿರಲಿ. ಟ್ಯೂಬನ್ನು ಮತ್ತೆ ಹಾಕುವ ಮುನ್ನ ಟೈರಿನ ಒಳಗೆ ಹತ್ತಿಯ ಉಂಡೆ ಆಡಿಸಿದರೆ ಉಳಿದ ಮುಳ್ಳಿನ ತುದಿಗೆ ಹತ್ತಿ ಸಿಕ್ಕಿಕೊಂಡು ಜಾಗ ತೋರಿಸುತ್ತದೆ. ಟ್ಯೂಬಿಲ್ಲದ ಟೈರಿನವರು ಒಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಬೇಸಿಗೆಯಲ್ಲಿ ಬೇಗ ಒಣಗುವುದನ್ನು ನೆನಪಿಟ್ಟು ಹೊರಡುವ ವಾರ ಹೊಸದು ತುಂಬಬೇಕು. ಕ್ಯಾರಿಯರಿನ 5 ಮಿ.ಮೀ. ಬೋಲ್ಟುಗಳನ್ನು ದಿನಕ್ಕೊಮ್ಮೆ ಬಿಗಿ ನೋಡಿ. ದೂಳಿನ ರಸ್ತೆಯಲ್ಲಿ ಚೈನಿಗೆ ಜಿಡ್ಡೆಣ್ಣೆ ಬೇಡ, ಮೇಣದ ಲೂಬ್ ಸಾಕು. ಹಿಂಚಕ್ರಕ್ಕೆ 36 ಕಡ್ಡಿಯಿದ್ದರೆ ನಿಶ್ಚಿಂತೆ; ಮುರಿಯುವುದು ಹೆಚ್ಚಾಗಿ ಗೇರಿನ ಬದಿಯ ಕಡ್ಡಿ, ಅದೇ ಉದ್ದದ ಎರಡನ್ನು ಫ್ರೇಮಿಗೆ ಟೇಪು ಸುತ್ತಿಟ್ಟುಕೊಳ್ಳಿ.

ಕ್ಯಾಂಪಿಂಗ್ ಎಂದರೆ ರಾತ್ರಿಯ ವಿಷಯವೆಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕಷ್ಟದ ಕ್ಯಾಂಪು ಮಧ್ಯಾಹ್ನದ್ದು. ಟೆಂಟನ್ನು ಬಿಸಿಲಿಗೆ ಎಬ್ಬಿಸಿದರೆ ಅದು ಒಲೆ. ಬೇಕಾದದ್ದು ತಿಳಿಬಣ್ಣದ 3 ಮೀಟರ್ ಚೌಕದ ಟಾರ್ಪು, 15 ಮೀಟರ್ ಹಗ್ಗ. ಎತ್ತರಕ್ಕೆ, ನಾಲ್ಕೂ ಕಡೆ ತೆರೆದು ಕಟ್ಟಬೇಕು, ನೆರಳು ಸರಿಯುವ ದಿಕ್ಕಿಗೆ ಜಾಗ ಬಿಡಬೇಕು. ರಾತ್ರಿಯ ಜಾಗಕ್ಕೆ ‘ಪೂರ್ವಕ್ಕೆ ಮರವಿರಲಿ, ಬೆಳಗಿನ ಬಿಸಿಲು ತಪ್ಪುತ್ತದೆ’ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ನಸುಕಿನ 5ಕ್ಕೇ ಹೊರಡುವವರಿಗೆ ಅದರಿಂದೇನು ಪ್ರಯೋಜನ? ಅವರಿಗೆ ಬೇಕಾದ್ದು ಪಶ್ಚಿಮದ ನೆರಳು. ಸಂಜೆಯಿಡೀ ಬಿಸಿಲು ಬೀಳದ ನೆಲ ಮಲಗುವ ಹೊತ್ತಿಗೆ ತಣಿದಿರುತ್ತದೆ. ಬಂಡೆ, ಸಿಮೆಂಟು ನಡುರಾತ್ರಿವರೆಗೂ ಕಾವು ಉಗುಳುತ್ತವೆ. ಒಣಗಿದ ಹಳ್ಳದ ಮರಳು ಮೆತ್ತಗಿದೆಯೆಂದು ಹಾಸಬೇಡಿ, ಮೇಲೆಲ್ಲೋ ಸುರಿದ ಬೇಸಿಗೆ ಮಳೆ ರಾತ್ರಿ ಅಲ್ಲಿಗೇ ಬರುತ್ತದೆ. ಒಣಕೊಂಬೆಯ ಕೆಳಗೂ ಬೇಡ.

ಮಲಗಿದ ಒಬ್ಬರ ಮೈ ಸುಮಾರು 80 ವಾಟ್ ಬಿಸಿ ಬಿಡುತ್ತದೆ. ಇಬ್ಬರೆಂದರೆ ಹಳೆಯ ಕಾಲದ ಎರಡು ಬಲ್ಬು ಹೊತ್ತಿಸಿಟ್ಟಂತೆ. ‘ಇಬ್ಬರ ಟೆಂಟ್’ ಎಂದು ಮಾರುವುದು ಬಹುತೇಕ 130 ಸೆಂ.ಮೀ. ಅಗಲ, ಭುಜಕ್ಕೆ ಭುಜ. ಬೇಸಿಗೆಗೆ ಮೂವರ ಟೆಂಟ್ ತೆಗೆದುಕೊಳ್ಳಿ, ಒಳಪದರ ಪೂರ್ತಿ ಬಲೆಯದ್ದಿರಲಿ. ಹೊರಪದರ ಹಾಸದೆ, ಮಳೆ ಬಂದರೆ ಎಳೆದುಕೊಳ್ಳುವಂತೆ ಒಂದು ಬದಿಗೆ ಸುತ್ತಿಡಿ. ಒಬ್ಬರ ತಲೆಯ ಕಡೆ ಇನ್ನೊಬ್ಬರ ಕಾಲು ಬರುವಂತೆ ಮಲಗಿ. ಸ್ಲೀಪಿಂಗ್ ಬ್ಯಾಗ್ ಮನೆಯಲ್ಲೇ ಇರಲಿ, ತೆಳು ಹೊದಿಕೆ ಸಾಕು. ಗಾಳಿ ತುಂಬುವ ಹಾಸಿಗೆಯನ್ನು ಬಿಸಿಲಿನಲ್ಲಿ ತುಂಬಿಟ್ಟು ಹೋದರೆ ಒಳಗಿನ ಗಾಳಿ ಹಿಗ್ಗಿ ಪದರದ ಅಂಟು ಬಿಟ್ಟು ಗುಡ್ಡದಂತೆ ಉಬ್ಬುತ್ತದೆ, ಅದಕ್ಕೆ ರಿಪೇರಿಯಿಲ್ಲ. ಗ್ಯಾಸ್ ಡಬ್ಬಿ 50 ಡಿಗ್ರಿ ಮೀರಬಾರದು, ಚೀಲದ ನಡುವೆ ಬಟ್ಟೆಯಲ್ಲಿ ಸುತ್ತಿಡಿ. ಡಬ್ಬಿಯ ಮೇಲೆ ಕೂರುವ ಒಲೆಗೆ ಸುತ್ತಲೂ ಗಾಳಿತಡೆ ಕಟ್ಟಬೇಡಿ. ಒಣಹುಲ್ಲಿನ ಮೇಲೆ ಒಲೆ ಹಚ್ಚುವುದಕ್ಕಿಂತ ಆ ರಾತ್ರಿ ತಣ್ಣಗಿನದನ್ನು ತಿನ್ನುವುದು ಲೇಸು. ಲಿಥಿಯಂ ಬ್ಯಾಟರಿ 45 ಡಿಗ್ರಿ ಮೇಲೆ ಚಾರ್ಜ್ ಆಗಬಾರದು, ಆದರೂ ಸೌರಫಲಕದ ಹಿಂಬದಿಗೇ ಪವರ್‌ಬ್ಯಾಂಕ್ ಸಿಕ್ಕಿಸಿ ಬೇಯಿಸುವವರು ಬಹಳ.

ಉಡುಪು ಸಡಿಲ, ತಿಳಿಬಣ್ಣ, ಉದ್ದ ತೋಳು. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ; ಮರೆಯುವ ಜಾಗಗಳು ಕಿವಿಯ ತುದಿ, ಕುತ್ತಿಗೆಯ ಹಿಂಭಾಗ, ಮೀನಖಂಡ. ಸೀಟು ತಾಗುವ ಚಡ್ಡಿಯನ್ನು ದಿನವೂ ಒಗೆದು ಒಣಗಿಸಲು ಎರಡು ಜೊತೆ ಬೇಕು, ಬೆವರಿನ ಚಡ್ಡಿಯಲ್ಲೇ ಮಧ್ಯಾಹ್ನ ಕಳೆದರೆ ಮೂರನೇ ದಿನ ಗುಳ್ಳೆ ಖಚಿತ.

ಇಬ್ಬರಾಗಿ ಹೋಗುವುದರ ದೊಡ್ಡ ಅನುಕೂಲ ಕೊನೆಗೆ ಹೇಳುತ್ತೇವೆ. ಮೈ ಕಾದವರಿಗೆ ತಮ್ಮ ಮೈ ಕಾದದ್ದು ತಿಳಿಯುವುದಿಲ್ಲ; ಪಕ್ಕದವರಿಗೆ ತಿಳಿಯುತ್ತದೆ. ಸಣ್ಣದಕ್ಕೆ ಸಿಡುಕುವುದು, ನೇರ ರಸ್ತೆಯಲ್ಲಿ ಸೈಕಲ್ಲು ಓಲಾಡುವುದು, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುವುದು, ಸೆಕೆಯಲ್ಲೂ ರೋಮ ನಿಮಿರುವುದು: ಇವು ಮೊದಲ ಸೂಚನೆ. ಇಷ್ಟಾದರೆ ವಾದ ಬೇಡ, ಇಳಿಯಿರಿ, ನೆರಳು, ಉಪ್ಪುಸಕ್ಕರೆ ನೀರು, ಕುತ್ತಿಗೆಗೆ ಒದ್ದೆ ಬಟ್ಟೆ. ಆ ದಿನ ಮತ್ತೆ ತುಳಿಯಬೇಡಿ. ಮಾತು ತೊದಲಿದರೆ, ತಾನೆಲ್ಲಿದ್ದೇನೆಂದು ಗೊತ್ತಾಗದಿದ್ದರೆ ಅದು ಬಿಸಿಲಾಘಾತ, ಒಳಗಿನ ಉಷ್ಣಾಂಶ 40 ದಾಟಿದೆ ಎಂದೇ ತಿಳಿಯಬೇಕು. ಬೆವರು ನಿಂತಿದೆಯೇ ಎಂದು ನೋಡುತ್ತ ಕೂರಬೇಡಿ. ತುಳಿಯುತ್ತ ಕುಸಿದವರು ಬೆವರುತ್ತಲೂ ಇರಬಹುದು. ತುರ್ತು ಸಂಖ್ಯೆಗೆ ಕರೆ ಮಾಡಿ, ಆದರೆ ತಣ್ಣಗಾಗಿಸುವುದು ಆಂಬುಲೆನ್ಸಿಗೆ ಕಾಯಬಾರದು: ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು, ಟಾರ್ಪಿನಿಂದಲೋ ನಕ್ಷೆಯಿಂದಲೋ ಬಿಡದೆ ಗಾಳಿ ಬೀಸಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಸಿಟಮಾಲ್ ಇದಕ್ಕೆ ಮದ್ದಲ್ಲ. ಕುಡಿಯಲೆಂದು ಮುಂದಿನ ನಲ್ಲಿಯವರೆಗೆ ಉಳಿಸಿಕೊಂಡ ನೀರನ್ನು ಸುರಿಯಲು ಕೈ ಹಿಂಜರಿಯುತ್ತದೆ. ಮೇಲೆ ಹೇಳಿದ ಎಂಟು ಲೀಟರಿನಲ್ಲಿ ಚೆಲ್ಲುವುದಕ್ಕೆಂದು ಇಟ್ಟ ಒಂದು ಲೀಟರನ್ನು ಭಾರವೆಂದು ಕೈಬಿಡುವವರು ಈ ಗಳಿಗೆಯನ್ನು ನೆನೆದು ಚೀಲ ತುಂಬಲಿ.

— ಇಬ್ಬರು ಸೈಕಲ್ ಪ್ರವಾಸಿಗರು